ಅರ್ಥ ಸಡಿಲವಾದ ಕಾರು

ರಸ್ತೆಯಾಚೆಯ ಗ್ರಂಥಾಲಯದ ಅಂಗಳದಲ್ಲಿ, ತೀರಿಕೊಂಡ ಗ್ರಂಥಪಾಲಕರಿಗಾಗಿ ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಿದ್ದರು. ರಸ್ತೆಯೀಚೆ, ನಮ್ಮ ಅತ್ತೆಯ ಹಳೆಯ ಕಾರಿನೊಳಗೆ ಮಿಣುಕಣ್ಣ ತಲೆಕೆಳಗಾಗಿದ್ದ. ತಲೆ ಬ್ರೇಕಿನ ಹತ್ತಿರ, ಪಾದ ಸೀಟಿನ ಬೆನ್ನ ಮೇಲೆ, ಬಾಯಲ್ಲಿ ಟಾರ್ಚು. ಮಗ್ಗುಲು ಬದಲಿಸಲು ಮೊಣಕಾಲು ಎತ್ತಿದ. ಅದು ನೇರ ಹಾರನ್ನಿನ ಮೇಲೆ ಕೂತಿತು. ಕಾರು ಕೋಣದ ಹಾಗೆ ಅರಚಿತು. ಮೊಣಕಾಲು ತೆಗೆದರೂ ಅರಚಾಟ ನಿಲ್ಲಲಿಲ್ಲ. ಅಂಗಿಯ ಗುಂಡಿ ಯಾವುದೋ ತಂತಿಗೆ ಸಿಕ್ಕಿಕೊಂಡು ಅವನು ಹೊರಗೂ ಬರಲಾರ, ಟಾರ್ಚು ಕಚ್ಚಿಕೊಂಡು ಮಾತೂ ಆಡಲಾರ. ಕೊನೆಗೆ ನಾನೇ ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಕಿತ್ತೆ. ಮೃತರು ಬದುಕಿನುದ್ದಕ್ಕೂ ‘ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗೇ ಕುಳಿತಿದ್ದವರು. ಅಂಗಳದವರೆಲ್ಲ ನಮ್ಮನ್ನು ನೋಡಿದ ನೋಟಕ್ಕೆ ನಾನೂ ಅತ್ತೆಯೂ ತಲೆ ತಗ್ಗಿಸಿ ಮೌನಾಚರಣೆಗೆ ಸೇರಿಕೊಂಡೆವು.

ಮಿಣುಕಣ್ಣ ಹಳೆಯ ಕಾರುಗಳ ಎಲೆಕ್ಟ್ರಿಷಿಯನ್. ಅವನ ನಿಜ ಹೆಸರು ಕೇಳಿದರೆ ಹೆಂಡತಿಯೂ ಒಂದು ಕ್ಷಣ ತಡವರಿಸುತ್ತಾಳೆ. ಪೂರ್ತಿ ಕೆಟ್ಟದ್ದನ್ನು ಯಾರು ಬೇಕಾದರೂ ಸರಿ ಮಾಡಿಯಾರು. ಒಮ್ಮೆ ಹತ್ತಿ ಒಮ್ಮೆ ಆರುವ ಮಿಣುಕು ಕಾಯಿಲೆಯ ಗಾಡಿಗಳು ಅವನ ಪಾಲು. ಮಹಡಿ ಮೆಟ್ಟಿಲ ಕೆಳಗಿನ ಅವನ ಅಂಗಡಿಯಲ್ಲಿ ಹಳೆ ದೀಪಗಳ ಗಾಜುಗಳು ನೇತಾಡುತ್ತವೆ. ಇಳಿಬಿಸಿಲು ಒಳಗೆ ಬಂದಾಗ ಕೆಂಪು, ಹಳದಿ ಬಿಲ್ಲೆಗಳು ಗೋಡೆಯ ಮೇಲೆ ಮೀನಿನಂತೆ ಈಜುತ್ತವೆ. ಅವನು ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂರುತ್ತಾನೆ. ಅಂಗಡಿಯ ಇನ್ನರ್ಧದಲ್ಲಿ ಹೆಂಡತಿ ಸೀಟಿನ ಕವರ್ ಹೊಲಿಯುತ್ತಾಳೆ.

"ನಿದ್ದೇಲೂ ಇವ್ರಿಗೆ ಲೂಸ್ ಕನೆಕ್ಷನ್ನೇ ಕನಸು," ಎಂದಳು ಅವಳು, ನಮಗೆ ಸ್ಟೂಲು ಸರಿಸುತ್ತಾ. "ಮೊನ್ನೆ ಮಲಗಿದ್ದಾಗ ನನ್ನ ಓಲೆ ತಿರುಪು ಬಿಗಿ ಮಾಡಿಬಿಟ್ಟಿದ್ರು. ಬೆಳಿಗ್ಗೆ ಬಿಚ್ಚೋಕೆ ಇಕ್ಕಳ ಬೇಕಾಯ್ತು!"

"ಲೂಸ್ ಇತ್ತೋ ಇಲ್ವೋ, ಅದು ಹೇಳು," ಎಂದ ಮಿಣುಕಣ್ಣ.

"ಇತ್ತು. ಪಕ್ಕದಲ್ಲೇ ಮಲಗಿತ್ತು."

ಅತ್ತೆ ನಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಗೆಲ್ಲ ಸಂಪರ್ಕ ಕೊಡಿಸಿ ನಿವೃತ್ತರಾದ ಅವರಿಗೆ, ಸಂಜೆ ಹೊಳೆ ದಂಡೆಯ ರಸ್ತೆಯಲ್ಲಿ ಒಬ್ಬರೇ ಒಂದು ಸುತ್ತು ಹೋಗಿಬರುವುದೇ ದಿನದ ಜೀವ. ಕಾರಿಗೋ ಈಚೆಗೆ ಮತಿಭ್ರಮಣೆ. ಬಲಕ್ಕೆ ತಿರುಗಿಸಿದರೆ ದೀಪಗಳು ಕಣ್ಣು ಮುಚ್ಚುತ್ತವೆ, ಪೆಟ್ರೋಲ್ ಮುಳ್ಳು ಖಾಲಿಯಿಂದ ಭರ್ತಿಗೆ ನೆಗೆಯುತ್ತದೆ, ಇಂಡಿಕೇಟರ್ ಹಾಕಿದರೆ ವೈಪರ್ ಟಾಟಾ ಮಾಡುತ್ತದೆ. ಆ ಬೆಳಿಗ್ಗೆ ಅವರ ಮಗಳು ಕೊನೆಯ ಮಾತು ಹೇಳಿದ್ದಳು: "ಅಮ್ಮ, ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಕೀಲಿ ನನ್ನ ಹತ್ರ. ಗಾಡಿ ಗುಜರಿಗೆ."

"ಹಾಗೇ ನನ್ನೂ ತೂಕಕ್ಕೆ ಹಾಕು," ಅಂದಿದ್ದರು ಅತ್ತೆ. ಅಂದಿನಿಂದ, ಅಂದರೆ ಆ ಬೆಳಿಗ್ಗೆಯಿಂದ, ಕೀಲಿ ಅವರ ಮುಷ್ಟಿಯಲ್ಲೇ ಇತ್ತು.

ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿ, ಆ ಮುಷ್ಟಿಯಿಂದ ಹೇಗೋ ಕೀಲಿ ಬಿಡಿಸಿಕೊಂಡು ಮಿಣುಕಣ್ಣ ಓಡಿಸಿ ನೋಡಿದರೆ ಕಾರು ಕಾನ್ವೆಂಟಿನ ಹುಡುಗಿಯಷ್ಟು ಸಭ್ಯ. ಎಷ್ಟು ತಿರುಗಿಸಿದರೂ ಒಂದು ದೀಪವೂ ಮಿಟುಕಲಿಲ್ಲ. ಮರಳಿ ಬಂದು ತಲೆ ಕೆರೆದುಕೊಂಡ.

"ಅರ್ಥ ಸಡಿಲ ಇದೆ ಅಮ್ಮಾವ್ರೇ. ನೀವು ಹೇಳೋದ್ರಲ್ಲಿ ಹಾಗನ್ಸುತ್ತೆ."

"ನಾನು ಹೇಳೋದ್ರಲ್ಲಿ ಅರ್ಥ ಇಲ್ವಾ?" ಅತ್ತೆ ಸ್ಟೂಲಿನಿಂದ ಎದ್ದರು. "ಬಾಪ್ಪಾ, ಪಕ್ಕದಲ್ಲಿ ಕೂತ್ಕೋ. ನಾನೇ ಓಡಿಸ್ತೀನಿ. ಅರ್ಥ ಆಗೋವರೆಗೂ ಓಡಿಸ್ತೀನಿ!"

ಪಾಪ, ಅವನು ಹೇಳಿದ್ದು ಇಂಗ್ಲಿಷಿನ ಅರ್ತ್. ಕರೆಂಟು ಕೆಲಸ ಮುಗಿಸಿ ಕಾರಿನ ತಗಡಿನ ಮೂಲಕ ಬ್ಯಾಟರಿಗೆ ಮರಳುವ ದಾರಿ. ಅದು ಕೈಕೊಟ್ಟರೆ ದೀಪಕ್ಕೆ ಹೊರಟ ಕರೆಂಟು ದಾರಿತಪ್ಪಿ ವೈಪರಿನ ಮನೆಗೆ ಹೋಗುತ್ತದೆ. ನನ್ನ ಶಾಲೆಯ ಸಿಸ್ಟರ್ ಈ ಪದಕ್ಕಾಗಿ ನಾಲಿಗೆಯನ್ನು ಹಲ್ಲಿನ ನಡುವೆ ಇಡಿಸಿ ತಾಲೀಮು ಮಾಡಿಸಿದ್ದರು. ಆದರೂ ನಾನು ಬಾಯಿ ಬಿಡಲಿಲ್ಲ. ಅನರ್ಥದಿಂದಲೇ ಕೆಲಸ ಮುಂದೆ ಸಾಗುತ್ತಿತ್ತು.

ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಹೊಳೆಯ ಮೇಲೆ ಬೂದಿ ಬಣ್ಣದ ಬೆಳಕು ಇಳಿಯುತ್ತಿತ್ತು. ದೋಣಿಗಳು ನಿಂತಲ್ಲೇ ತೂಕಡಿಸುತ್ತಿದ್ದವು. ಮರಗಳು ಒಂದೊಂದಾಗಿ ಕಿಟಕಿಯಲ್ಲಿ ಇಣುಕಿ, ಏನೋ ಹೇಳಲು ಬಂದು ಮರೆತವರಂತೆ ಹಿಂದೆ ಸರಿಯುತ್ತಿದ್ದವು. ಕಾರು ಓಡುತ್ತಿದೆಯೋ ಹೊಳೆ ಓಡುತ್ತಿದೆಯೋ ತಿಳಿಯದಂಥ ಹೊತ್ತು. ಮಿಣುಕಣ್ಣ ಕಣ್ಣು ಮುಚ್ಚಿ, ಬಲಗೈಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ಚಾಚಿ ಅಲ್ಲಿ ಸಿಕ್ಕಿದ್ದನ್ನು ಹಿಡಿದು, ಧ್ಯಾನಕ್ಕೆ ಕೂತವನಂತೆ ಕೂತಿದ್ದ.

ಮೊದಲ ಬಲ ತಿರುವು. ಅತ್ತೆ ಗಿಡ್ಡ, ಸ್ಟಿಯರಿಂಗನ್ನು ತಿರುಗಿಸುವುದಿಲ್ಲ, ಅದಕ್ಕೆ ಜೋತು ಬೀಳುತ್ತಾರೆ. ದೀಪ ಆರಿತು, ವೈಪರ್ ಕೈ ಬೀಸಿತು, ಎದುರಿನ ಲಾರಿಯವನು ಏನೋ ಬೈದುಕೊಂಡು ಹೋದ.

"ಸಿಕ್ತು! ನಿಲ್ಸಿ ಅಮ್ಮಾವ್ರೇ!"

ಸ್ಟಿಯರಿಂಗ್ ಕಂಬವನ್ನು ಹಿಡಿದು ನಿಲ್ಲಿಸುವ ಪಟ್ಟಿ ಅವನ ಕೈಯಲ್ಲೇ ಕದಲಿತ್ತು. ಆ ಪಟ್ಟಿಯ ಬೋಲ್ಟಿನ ಅಡಿಯಲ್ಲಿ ಅರ್ತಿನ ಕಪ್ಪು ತಂತಿ, ಅದರ ತುದಿಗೆಲ್ಲ ತುಕ್ಕು. ಅತ್ತೆ ಜೋತುಬಿದ್ದಾಗಲೆಲ್ಲ ತಂತಿ ತಗಡಿನಿಂದ ಬಿಡುತ್ತಿತ್ತು. ಉಜ್ಜಿ ಬೆಳ್ಳಗೆ ಹೊಳೆಯಿಸಿ, ಬೋಲ್ಟು ಬಿಗಿದ. ಮುಂದಿನ ಬಲ ತಿರುವುಗಳಲ್ಲೆಲ್ಲ ದೀಪಗಳು ಅಲುಗದೆ ನಿಂತವು. ಹೊಳೆಯ ನೀರಿನಲ್ಲೂ ಎರಡು ದೀಪಗಳು ನಮ್ಮ ಜೊತೆಗೇ ಮೆಲ್ಲಗೆ ಬಂದವು. ಅತ್ತೆ ಮೂಗು ಒರೆಸಿಕೊಂಡರು.

ಮನೆಯ ಗೇಟಿನಲ್ಲಿ ಮಗಳು ಕೈ ಚಾಚಿ ಕಾಯುತ್ತಿದ್ದಳು, ಕೀಲಿಗೆ.

"ಸರಿಹೋಯ್ತು ಕಣೇ!" ಅತ್ತೆ ಕಿಟಕಿಯಿಂದಲೇ ಕೂಗಿದರು. "ಎಂಥ ಕೈ ಅಂತೀಯ! ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಹಿಡಿದುಬಿಟ್ಟ!"

ಮಗಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮಿಣುಕಣ್ಣನ ಕಡೆ ಬೆರಗಿನಿಂದ ನೋಡಿದಳು. "ಹೌದಾ? ಕಣ್ಣು ಮುಚ್ಚಿಕೊಂಡ್ರೆ ಕರೆಂಟು ಹರಿಯೋದು ಗೊತ್ತಾಗತ್ತಾ?"

"ಅದೆಲ್ಲ ಏನಿಲ್ಲ ಅಕ್ಕಾವ್ರೇ," ಎಂದ ಮಿಣುಕಣ್ಣ, ಕಾರಿನಿಂದ ಇಳಿಯುತ್ತಾ. "ಅಮ್ಮಾವ್ರು ಓಡಿಸೋದು ನೋಡೋಕೆ ಧೈರ್ಯ ಸಾಲ್ಲಿಲ್ಲ."