ಮೇಜಿನ ಕೆಳಗೆ ನುಗ್ಗಿದ ದರ್ಜಿ

ದರ್ಜಿಯ ಅಪ್ಪ ಮಹಾ ಮುಂಗೋಪಿ. ಮನೆಯಲ್ಲಿ ಲೋಟ ಬಿದ್ದರೂ ಮಗನ ಬೆನ್ನಿಗೆ ಏಟು ಬೀಳುತ್ತಿತ್ತು. ಹಾಗಾಗಿ ನಲವತ್ತು ದಾಟಿದ ಮೇಲೂ, ಏನಾದರೂ ಬಿದ್ದ ಸದ್ದಾದರೆ ದರ್ಜಿ ಮೇಜಿನ ಕೆಳಗಿರುತ್ತಿದ್ದ. ಗಿರಾಕಿಗಳು ಕೇಳಿದರೆ, "ಗುಂಡಿ ಹುಡುಕ್ತಿದೀನಿ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಐದು ವರ್ಷದ ಮಗಳ ಕೈಜಾರಿ ಪಿಂಗಾಣಿ ಬಟ್ಟಲು ಒಡೆಯಿತು. ದರ್ಜಿ ಥಟ್ಟನೆ ಊಟದ ಮೇಜಿನ ಕೆಳಗೆ ನುಗ್ಗಿದ. ಮಗಳು ಬಗ್ಗಿ ನೋಡಿದಳು.

"ಅಪ್ಪಾ, ಒಡೆದಿದ್ದು ನಾನು. ನೀನ್ಯಾಕೆ ಬಚ್ಚಿಟ್ಕೊಂಡೆ?"

"ಚಿಕ್ಕವನಿದ್ದಾಗ ನಂಗೆ ಹೊಡೀತಿದ್ರು ಪುಟ್ಟಿ. ಆ ಭಯ ಇನ್ನೂ ಹೋಗಿಲ್ಲ."

"ನಮ್ಮನೇಲಿ ಯಾರೂ ಹೊಡೆಯಲ್ಲ, ಬಾ," ಎಂದು ಮಗಳು ಕೈ ಹಿಡಿದು ಎಳೆದಳು.

ಅಡಗಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅದನ್ನು ಕಂಡು ದರ್ಜಿಯ ಎದೆ ಹಗುರಾಯಿತು. ಹೊಟ್ಟೆ ಮಾತ್ರ ಸಿಕ್ಕಿಕೊಂಡಿತ್ತು. ಕೊನೆಗೆ ಹೆಂಡತಿ ಬಂದು ಮೇಜನ್ನೇ ಎತ್ತಬೇಕಾಯಿತು.