ದೊಡ್ಡಪ್ಪನ ಎಡೆಗೆ ಮೊಮೊ

ಕೊಳ್ಳೇಗಾಲದಲ್ಲಿ ಮನೆಯಿದ್ದು, ಮನೆ ಮುಂದೊಂದು ಕಾರು ನಿಂತಿದ್ದರೆ ಮುಗಿಯಿತು, ನೆಂಟರೆಲ್ಲ ನಿಮ್ಮನ್ನು ಸಂಬಳವಿಲ್ಲದ ಗೈಡು ಎಂದೇ ತಿಳಿಯುತ್ತಾರೆ. ಮೈಸೂರಿನಿಂದ ಬಂದವರಿಗೆ ಸತ್ತೇಗಾಲದ ಹತ್ತಿರದ ಜಲಪಾತ ತೋರಿಸಬೇಕು. ನೀರಿಲ್ಲದ ಕಾಲದಲ್ಲಿ ಬಂದು ಬರೀ ಬಂಡೆ ನೋಡಿ, ನಾನೇ ಎಲ್ಲೋ ನಲ್ಲಿ ತಿರುಗಿಸಲು ಮರೆತವನಂತೆ ನನ್ನ ಮುಖ ನೋಡುತ್ತಾರೆ. ಬೆಟ್ಟಕ್ಕೆ ಕರೆದೊಯ್ದರೆ ಆನೆ ಕಾಣಲಿಲ್ಲವೆಂದು ಮುನಿಸು. ಈಗೀಗ ಇವೆಲ್ಲ ಹಳತಾಗಿ ಎಲ್ಲರಿಗೂ ಒಡೆಯರಪಾಳ್ಯದ ಟಿಬೆಟ್ ಕ್ಯಾಂಪೇ ಬೇಕು.

ಹನೂರು ದಾಟಿ ಲೊಕ್ಕನಹಳ್ಳಿ ಮೇಲೆ ಕಾಡಂಚಿನ ದಾರಿ ಹಿಡಿದರೆ ಕ್ಯಾಂಪು ಸಿಗುತ್ತದೆ. ತಮ್ಮ ದೇಶ ಬಿಟ್ಟು ಬಂದ ಜನ ಅಲ್ಲಿ ನೆಲೆ ನಿಂತು, ನೆಲ ಹಸನು ಮಾಡಿ, ಮುಸುಕಿನ ಜೋಳ ಬೆಳೆದು, ಹೊಳೆಯುವ ಮಾಡಿನ ಗುಡಿ ಕಟ್ಟಿಕೊಂಡಿದ್ದಾರೆ. ಅವರು ಬದುಕಲಿಕ್ಕೆಂದು ಕಟ್ಟಿಕೊಂಡ ಊರು ನಮ್ಮವರಿಗೆ ಭಾನುವಾರ ನೋಡುವ ಜಾಗ. ಅಲ್ಲಿನ ಅಜ್ಜಿಯೊಬ್ಬಳು ತನ್ನ ಪಾಡಿಗೆ ಮನೆ ಮುಂದೆ ಜಪಮಣಿ ತಿರುಗಿಸುತ್ತ ಕೂತಿದ್ದರೆ ಸಾಕು, ಫೋನು ಹಿಡಿದು ನಿಂತುಬಿಡುತ್ತಾರೆ. ನಮ್ಮೂರು ಬಂಡಳ್ಳಿಯಲ್ಲಿ ಜಗಲಿ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತ ನಮ್ಮ ಅಜ್ಜಿಯರ ಮುಂದೆ ಹೀಗೆ ನಿಂತಿದ್ದರೆ ಮುಖಕ್ಕೆ ಉಗಿಸಿಕೊಂಡು ಬರುತ್ತಿದ್ದರು. ಆ ಜನ ಪಾಪ, ನಗುತ್ತಾರೆ.

ಎಷ್ಟೋ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಸರಿಯಾಗಿ ನೆನಪಿರುವ ಪ್ರವಾಸ ಮಾತ್ರ ಒಂದೇ. ಅವತ್ತಿನ ಪ್ರವಾಸಿ ಬಂಡಳ್ಳಿಯ ನಮ್ಮ ದೊಡ್ಡವ್ವ.

ದೊಡ್ಡಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆ ಅದು. ನಮ್ಮ ಕಡೆ ಆ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಬಾಳೆಎಲೆ ಹಾಸಿ, ಹೋದವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಡಿಸಿ, ಬಾಗಿಲು ಮುಂದಕ್ಕೆಳೆದುಕೊಂಡು ಎಲ್ಲರೂ ಹೊರಗೆ ಬಂದು ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತೆಗೆದು, ಎಲೆಯ ಮೇಲಿದ್ದದ್ದನ್ನು ಮನೆಯವರು ಹಂಚಿಕೊಂಡು ತಿನ್ನುವುದು. ಸತ್ತವರಿಗೂ ಇಷ್ಟು ಮರ್ಯಾದೆಯಿಂದ ಏಕಾಂತ ಕೊಡುವ ಜನ ನಾವು. ಬದುಕಿದ್ದವರು ಒಂದು ಗಳಿಗೆ ಒಬ್ಬರೇ ಕೂತರೆ ಮಾತ್ರ ಮೈಗೆ ಹುಷಾರಿಲ್ಲವಾ ಎಂದು ಕೇಳುತ್ತೇವೆ.

ತೊಂದರೆ ಏನೆಂದರೆ, ದೊಡ್ಡಪ್ಪನಿಗೆ ಏನಿಷ್ಟ ಎಂದು ದೊಡ್ಡವ್ವನಿಗೆ ಗೊತ್ತಿರಲಿಲ್ಲ.

"ಏನ್ ಹಾಕುದ್ರೂ ಉಣ್ಣೋರು ಕಣ್ಲಾ. ಚೆನ್ನಾಗದೆ ಅಂತ ಒಂದಿನಾನೂ ಅನ್ಲಿಲ್ಲ, ಚೆನ್ನಾಗಿಲ್ಲ ಅಂತಾನೂ ಅನ್ಲಿಲ್ಲ. ಈಗ ಎಲೆ ಮ್ಯಾಲೆ ಏನಿಡ್ಲಿ?" ಎಂದು ಅಮಾವಾಸ್ಯೆ ವಾರದಲ್ಲಿ ಅಂಗಳದಲ್ಲಿ ಕೂತು ಕೇಳಿದಳು. ನಾನು ಒಬ್ಬಟ್ಟು ಎಂದೆ. ಅದು ನಿನಗಿಷ್ಟ ಎಂದು ಬಾಯಿ ಮುಚ್ಚಿಸಿದಳು.

ಟ್ರ್ಯಾಕ್ಟರ್ ಓಡಿಸುವ ಆಳು ಅಲ್ಲೇ ನೇಗಿಲ ನಟ್ಟು ಬಿಗಿ ಮಾಡುತ್ತಿದ್ದ. ದೊಡ್ಡಪ್ಪ ಕ್ಯಾಂಪಿನಲ್ಲಿ ಒಂದಷ್ಟು ಹೊಲ ಗುತ್ತಿಗೆಗೆ ಹಿಡಿದು ಜೋಳ ಹಾಕಿಸುತ್ತಿದ್ದ, ಉಳುಮೆಗೆಂದು ಇವನ ಜೊತೆ ಹೋಗಿ ಬರುತ್ತಿದ್ದ. ಆ ಪುಣ್ಯಾತ್ಮ ತಲೆ ಎತ್ತದೆ, "ದೊಡ್ಡ್ ಯಜಮಾನ್ರಿಗೆ ಮೊಮೊ ಅಂದ್ರೆ ಪ್ರಾಣ ಕಣವ್ವ. ಕ್ಯಾಂಪಿಗೋದಾಗೆಲ್ಲ ಒಂದ್ ತಟ್ಟೆ ತಿನ್ದೇ ಬತ್ತಿರ್ಲಿಲ್ಲ" ಎಂದುಬಿಟ್ಟ.

"ಅದೇನ್ಲಾ ಅದು?"

"ಕಡುಬು ಕಣವ್ವ, ಹಬೇಲಿ ಬೇಯ್ಸದು. ಒಳ್ಗಡೆ ಅದೂ ಇದೂ ಇಟ್ಟಿರ್ತಾರೆ."

"ಅದೂ ಇದೂ ಅಂದ್ರೆ?"

ಅವನಿಗೆ ಆಗ ಹೊಳೆಯಿತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆ ತಂದ ಚೀಲವನ್ನೂ ಹೊಸಿಲು ದಾಟಿಸುವುದಿಲ್ಲ. ಅವನು ಸ್ಪ್ಯಾನರು ಅಲ್ಲೇ ಬಿಟ್ಟು, ರೇಡಿಯೇಟರಿಗೆ ನೀರು ಹಾಕಬೇಕು ಎಂದು ಎದ್ದು ಹೋದ. ಟ್ರ್ಯಾಕ್ಟರು ಇದ್ದದ್ದು ಇತ್ತ, ಅವನು ಹೋದದ್ದು ಅತ್ತ.

ದೊಡ್ಡವ್ವ ಆ ಸ್ಪ್ಯಾನರು ಎತ್ತಿ ಬದಿಗಿಟ್ಟಳು. ಆಮೇಲೆ, "ಅಲ್ಲಿಂದ ಬಂದ್ ದಿವ್ಸ ಹಸಿವಿಲ್ಲ ಅನ್ನೋರು. ಅಜೀರ್ಣ ಆಗಿರ್ಬೇಕು ಅಂತ ಜೀರಿಗೆ ಕಷಾಯ ಕಾಯ್ಸಿ ಕುಡುಸ್ತಿದ್ದೆ. ಒಂದ್ ಮಾತಾಡ್ದೆ ಕುಡಿಯೋರು" ಎಂದಳು. ದೊಡ್ಡವ್ವನ ಕಷಾಯ ನಾನೂ ಕುಡಿದಿದ್ದೇನೆ. ಅದನ್ನು ಮಾತಾಡದೆ ಕುಡಿಯಬೇಕಾದರೆ ಮನುಷ್ಯ ತಪ್ಪು ಮಾಡಿರಲೇಬೇಕು.

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಇಷ್ಟು ವರ್ಷ ತಾನು ಬೇಯಿಸಿ ಹಾಕಿದ್ದಕ್ಕೆ ಹೂಂ ಎನ್ನದ ಗಂಡ, ಬೇರೆಯವರ ಒಲೆಯ ಮೇಲಿನದನ್ನು ಆಸೆಪಟ್ಟು ತಿಂದಿದ್ದ. ಅದು ಅವಳಿಗೆ ನಾಟಿತ್ತು. "ನಾಳಿದ್ದು ಕಾರ್ ತಕಂಡು ಬಾ" ಎಂದಳು.

ಅಮಾವಾಸ್ಯೆಯ ಹಿಂದಿನ ದಿನ ಹೋದೆವು. ಎಡೆಗೆಂದು ಯಳಂದೂರಿನಿಂದ ಬಂದಿದ್ದ ಅಕ್ಕ ಭಾವನೂ ಕಾರು ಹತ್ತಿದರು. ಅಕ್ಕ ದೊಡ್ಡವ್ವನ ಮಗಳು. ಭಾವ ಆಚಾರವಂತ, ಹೋಟೆಲಿನಲ್ಲಿ ನೀರು ಕುಡಿಯುವ ಮೊದಲು ಅಡುಗೆಯವನ ಕುಲಗೋತ್ರ ವಿಚಾರಿಸುವ ಜಾತಿಯವರು. ನಾವು ಹೊರಟದ್ದು ಗುಡಿ ನೋಡಲು ಎಂದಷ್ಟೇ ಅವರಿಗೆ ಹೇಳಿದ್ದೆವು. ಲೊಕ್ಕನಹಳ್ಳಿ ದಾಟುತ್ತಲೇ ಬಣ್ಣದ ಬಾವುಟ ಕಂಡು, "ಫಾರಿನ್ನಿಗೆ ಬಂದಂಗಾಯ್ತು" ಎಂದರು. ಭಾವ ನೋಡಿದ ಅತಿ ದೂರದ ಫಾರಿನ್ನು ಊಟಿ.

ಗುಡಿಯ ಸುತ್ತ ಸಾಲಾಗಿ ಕೈಯಲ್ಲಿ ತಿರುಗಿಸುವ ಹಿತ್ತಾಳೆ ಬಣ್ಣದ ಉರುಳೆಗಳಿದ್ದವು. ಭಾವ ಫೋನು ಎತ್ತಿ ಹಿಡಿದು, ಅವನ್ನು ತಿರುಗಿಸುತ್ತ ಗುಡಿಯನ್ನು ಎಡಗೈಗೆ ಬಿಟ್ಟುಕೊಂಡು ಉಲ್ಟಾ ಸುತ್ತು ಹೊರಟರು. ಎದುರಿಂದ ಬರುತ್ತಿದ್ದ ಅಲ್ಲಿನ ಅಜ್ಜಿಯರು ಬದಿಗೆ ಸರಿದು ದಾರಿ ಬಿಟ್ಟರು. "ಅಳಿಯಂದ್ರೇ, ಪ್ರದಕ್ಷಿಣೆ ಅಂಗಾ ಆಕೋದು? ದೇವ್ರು ಬ್ಯಾರೆ ಆದ್ರೆ ದಿಕ್ಕೂ ಬ್ಯಾರೆ ಆಯ್ತದಾ?" ಎಂದು ದೊಡ್ಡವ್ವ ಗದರಿಕೊಂಡಳು. ತಾನು ಆ ಅಜ್ಜಿಯರ ಹಿಂದೆ ಸೇರಿಕೊಂಡು ಒಂದು ಸುತ್ತು ಬಂದಳು. ಸ್ಕೂಟರಿನಲ್ಲಿ ಬಂದಿಳಿದ ಕೆಂಪು ಬಟ್ಟೆಯ ಸನ್ಯಾಸಿ ಕಂಡ ಕೂಡಲೇ ನಮ್ಮ ಮಠದ ಅಯ್ನೋರ ಕಾಲಿಗೆ ಬೀಳುವಂತೆ ಬಗ್ಗಿಯೇಬಿಟ್ಟಳು. ಆತ ಹೆಲ್ಮೆಟ್ಟು ಹಿಡಿದುಕೊಂಡು ಹಿಂದೆ ಹಾರಿ, "ಬ್ಯಾಡ ಕಣವ್ವ, ಬ್ಯಾಡ" ಎಂದು ಪಕ್ಕಾ ಹನೂರು ಕನ್ನಡದಲ್ಲಿ ಬೇಡಿಕೊಂಡ.

ಭಾವ ಇನ್ನಷ್ಟು ಫೋಟೋ ತೆಗೆಯಲು ಅಕ್ಕನೊಂದಿಗೆ ಅಲ್ಲೇ ಉಳಿದರು. ನಾನೂ ದೊಡ್ಡವ್ವನೂ ಮೊಮೊ ಅಂಗಡಿಗೆ ನಡೆದೆವು.

ತಗಡಿನ ಮಾಡು, ನಾಲ್ಕು ಮೇಜು, ಒಲೆಯ ಮೇಲೆ ಹಬೆಯಾಡುವ ಎರಡು ಪಾತ್ರೆ. ಅಂಗಡಿಯವಳು ನಡುವಯಸ್ಸಿನ ಹೆಂಗಸು, ಅಲ್ಲೇ ಹುಟ್ಟಿ ಬೆಳೆದವಳು. "ಕುಂತ್ಕಳಿ ಅವ್ವ" ಎಂದು ಕುರ್ಚಿ ಒರೆಸಿದಳು. ಇವರು ಬಂಡಳ್ಳಿ ಟ್ರ್ಯಾಕ್ಟರಿನ ಯಜಮಾನರ ಹೆಂಡತಿ ಎಂದು ನಾನು ಹೇಳಿದೆ. ಅವಳ ಕೈ ನಿಂತಿತು. "ತೀರೋದ್ರಂತಲ್ಲ. ಗೊತ್ತಾಯ್ತು. ಅಲ್ಲೇ ಮೂಲೇಲಿ ಕೂರೋರು. ಖಾರದ ಚಟ್ನಿ ಹಾಕುಸ್ಕಂಡು, ಮೂಗೊರೆಸ್ಕಂಡು ತಿನ್ನೋರು. ಎದ್ದೋಗುವಾಗ ಬಲ್ ಚೆನ್ನಾಗದೆ ಕಣವ್ವ ಅನ್ನೋರು."

ದೊಡ್ಡವ್ವ ಆ ಮೂಲೆಯನ್ನೇ ನೋಡಿದಳು. ಚೆನ್ನಾಗದೆ ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಬರುತ್ತದೆಂದು ಅವಳಿಗೆ ಗೊತ್ತಾದದ್ದೇ ಅಲ್ಲಿ. ನನಗೆ ದೊಡ್ಡಪ್ಪನ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ನಾನಾದೆ.

"ಕೋಸಿಂದೂ ಅದೆ, ಇನ್ನೊಂದೂ ಅದೆ. ಅವ್ರು ತಿಂತಿದ್ದದ್ದು..." ಎಂದು ಅಂಗಡಿಯವಳು ಶುರು ಮಾಡಿದಳು.

ದೊಡ್ಡವ್ವ ಕೈ ಅಡ್ಡ ಹಿಡಿದಳು. "ಯೋಳ್ಬ್ಯಾಡ ಕಣವ್ವ. ಅವ್ರು ಏನ್ ತಿಂತಿದ್ರೋ ಅದ್ನೇ ಒಂದ್ ತಟ್ಟೆ ಕಟ್ಕೊಡು. ಒಳ್ಗಡೆ ಏನದೆ ಅಂತ ನಂಗೆ ಯೋಳ್ಬ್ಯಾಡ." ಹೀಗೆಂದು ಗೋಡೆಯ ಕಡೆ ತಿರುಗಿ ಕೂತಳು. ಅಂಗಡಿಯವಳು ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ. ಯಾವ ಪಾತ್ರೆಯ ಮುಚ್ಚಳ ತೆಗೆದಳೆಂದು ನಾನು ನೋಡಿದ್ದೇನೆ. ಇಲ್ಲಿ ಬರೆಯುವುದಿಲ್ಲ, ಯಳಂದೂರಿನಲ್ಲಿ ಇದನ್ನು ಓದುವವರಿದ್ದಾರೆ.

ಮರುದಿನ ದೊಡ್ಡವ್ವ ಮೊಮೊವನ್ನು ತನ್ನ ಇಡ್ಲಿ ಪಾತ್ರೆಯಲ್ಲೇ ಬಿಸಿ ಮಾಡಿದಳು. ಬಾಳೆಎಲೆಯ ಮೇಲೆ ಒಬ್ಬಟ್ಟು, ಪಾಯಸ, ಕೋಸಂಬರಿ, ಅವುಗಳ ನಡುವೆ ಬೆಳ್ಳಗೆ ನೆರಿಗೆ ಹಿಡಿದ ಮೊಮೊ, ಪಕ್ಕದಲ್ಲಿ ಕೆಂಪು ಚಟ್ನಿ. ಭಾವ ಬಗ್ಗಿ ನೋಡಿದರು.

"ಅತ್ತೆ, ಇದು ಕ್ಯಾಂಪಿಂದಲ್ವಾ? ಒಳ್ಗೇನದೆ?"

"ನಿಮ್ ಮಾವಂಗೆ ಗೊತ್ತು. ಈಗ ಬತ್ತಾರಲ್ಲ, ಕೇಳ್ಕಳಿ."

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಊದುಬತ್ತಿ ಹಚ್ಚುವುದರಲ್ಲಿ ತುಂಬ ಮುಳುಗಿಹೋಗಿದ್ದಳು. ಬಾಗಿಲು ಎಳೆಯಬೇಕು ಎನ್ನುವಾಗ ದೊಡ್ಡವ್ವ, "ಇರಿ" ಎಂದು ಅಡುಗೆಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ದೊಡ್ಡಪ್ಪನ ಲೋಟ ತುಂಬ ಜೀರಿಗೆ ಕಷಾಯವಿತ್ತು. ಅದನ್ನು ಮೊಮೊ ಪಕ್ಕ ಇಟ್ಟು ಬಾಗಿಲು ಎಳೆದಳು.

ಜಗಲಿಯ ಮೇಲೆ ಕೂತೆವು. ಸಾಕಷ್ಟು ಹೊತ್ತಾದ ಮೇಲೆ ದೊಡ್ಡವ್ವ ಕೆಮ್ಮಿ, ಒಳಗಿರುವವರಿಗೆ ಸೂಚನೆ ಕೊಟ್ಟು ಬಾಗಿಲು ತೆಗೆದಳು. ಒಬ್ಬಟ್ಟು ಎಲ್ಲರಿಗೂ ಹಂಚಿದಳು. ಕಷಾಯವನ್ನು ಪ್ರಸಾದ ಎಂದು ಭಾವನ ಕೈಗೆ ಕೊಟ್ಟಳು. ಪ್ರಸಾದ ಬೇಡವೆನ್ನಲಾಗದೆ ಅವರು ಕಣ್ಣು ಮುಚ್ಚಿ ಕುಡಿದರು. ಮೊಮೊ ಮಾತ್ರ ಯಾರಿಗೂ ಕೊಡಲಿಲ್ಲ. ಎಲೆಯ ಮುಂದೆ ಕೂತು, ಚಟ್ನಿಯಲ್ಲಿ ಅದ್ದಿ, ಒಂದೊಂದಾಗಿ ತಾನೇ ತಿಂದಳು. ಖಾರಕ್ಕೆ ಮೂಗು ಸೋರಿತು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಕಣ್ಣೂ ಒರೆಸಿಕೊಂಡಳು. ಅದು ಖಾರಕ್ಕಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ನಾನು ಹತ್ತಿರ ಹೋಗಿ ಕೂತೆ.

"ಹಿಟ್ಟು ಸರ್ಯಾಗಿ ನಾದಿಲ್ಲ ಕಣ್ಲಾ" ಎಂದಳು. "ಒಂದ್ ಮಾತ್ ಕೇಳಿದ್ರೆ ನಾನೇ ಮಾಡಾಕ್ತಿದ್ದೆ. ಒಳ್ಗಡೆ ಏನ್ ಇಡು ಅಂದಿದ್ರೂ ಇಡ್ತಿದ್ದೆ."