ಹತ್ತಿ ಮೂಟೆಯೊಡನೆ ಹರಿಹರಕ್ಕೆ

ದೇಶ ಸುತ್ತಿ ಬಂದವರು ಪ್ರವಾಸ ಬರೆಯುತ್ತಾರೆ. ನಾನು ಸುತ್ತಿದ್ದು ಹರಿಹರ. ದಾವಣಗೆರೆಯಲ್ಲಿ ರೈಲು ಹತ್ತಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಂದುಬಿಡುವ ಊರು. ಆದರೆ ಅತ್ತೆ, ಮಾವ, ಒಂದು ಮೂಟೆ ಹತ್ತಿ, ಆಳುದ್ದದ ಬಿಲ್ಲು, ಇಷ್ಟನ್ನೂ ಕಟ್ಟಿಕೊಂಡು ಹೋದವನಿಗೇ ಗೊತ್ತು ಅದು ಎಷ್ಟು ದೂರ ಎಂದು.

ಮಾವ ಇಮಾಮಪ್ಪ ಹತ್ತಿ ಹಿಂಜುವವರು. ಮನೆಮನೆಗೆ ಹೋಗಿ, ಅಂಗಳದಲ್ಲೇ ಕೂತು, ಹಳೇ ಗಾದಿಯ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಮತ್ತೆ ತುಂಬಿಕೊಡುತ್ತಿದ್ದರು. ಒಂದು ಗಾದಿಗೆ ಒಂದು ದಿನ. ಹರಿಹರದ ವರ್ಕ್‌ಶಾಪೊಂದರಲ್ಲಿ ಕರೆಂಟಿನಿಂದ ಹಿಂಜುವ ಮಿಷನ್ ಮಾರಾಟಕ್ಕಿದೆ ಎಂದು ಸುದ್ದಿ ತಂದವನು ನಾನು, ಮಿಲ್ಲಿನ ಗುಮಾಸ್ತ. ಅದಕ್ಕೆ ಬಂಡವಾಳವೆಂದರೆ ಅತ್ತೆಯ ಕೈಯ ಚಿನ್ನದ ಬಳೆ, ಬೇರೇನಿಲ್ಲ. "ಕಣ್ಣಾರೆ ನೋಡಿ ಆಮ್ಯಾಲೆ ಹೇಳ್ತೀನಿ" ಎಂದ ಅತ್ತೆ, ಪರೀಕ್ಷೆಗೆಂದು ಒಂದು ಮೂಟೆ ಹತ್ತಿ ಕಟ್ಟಿದರು. ಮಾವ ನನ್ನೊಡನೆ ಮಾತು ಬಿಟ್ಟರು, ಬಿಲ್ಲು ಮಾತ್ರ ಬಿಡಲಿಲ್ಲ.

ಸ್ಟೇಷನ್ನಿನಲ್ಲಿ ನಮ್ಮ ಮೂರು ಟಿಕೆಟ್ಟು ಸಲೀಸಾಗಿ ಸಿಕ್ಕವು, ತಕರಾರೆಲ್ಲ ಮೂಟೆಯದು. ತೂಕ ಕಮ್ಮಿ, ಜಾಗ ಮಾತ್ರ ಬೆಂಚು ತುಂಬ. ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ರೈಲು ಹೊರಟದ್ದೇ ಅತ್ತೆ ಮಂಡಕ್ಕಿ ಪೊಟ್ಟಣ ಬಿಚ್ಚಿದರು, ಮಾವ ಬಾಯಿ ಬಿಚ್ಚಿದರು.

"ಹತ್ತಿ ಬದಲು ಮಾಡ್ತಾನೆ ಅಂತ ಹೆಣ್ಮಕ್ಳು ನನ್ನ ಮುಂದೆ ದಿನಾ ಕಾವಲು ಕೂಡ್ತಾರೆ. ಅಂಥೋರು ಹತ್ತೀನ ಹೊಸಲು ದಾಟಿಸ್ತಾರಾ? ಮಿಷನ್ನ ನಾನೇ ಹೊತ್ಕೊಂಡು ಅವರ ಅಂಗಳಕ್ಕೆ ಹೋಗ್ಲೇನು?"

"ಅಂಗಳದಾಗ ಕಾವಲು ಕೂಡೋರು ಮಿಷನ್ ಅಂಗಡ್ಯಾಗೂ ಕೂಡ್ತಾರೆ, ತಿನ್ರಿ" ಎಂದು ಅತ್ತೆ ಮಂಡಕ್ಕಿ ಮುಂದೆ ಮಾಡಿದರು.

ವರ್ಕ್‌ಶಾಪಿನಲ್ಲಿ ಮಿಸ್ತ್ರಿ ಸ್ವಿಚ್ ಹಾಕಿದ್ದೇ ತಡ, ಮಾವನಿಗೆ ರೋಷ ಬಂತು. "ಅರ್ಧ ಮೂಟೆ ಅದಕ್ಕೆ, ಅರ್ಧ ನನಗೆ" ಎಂದು ಬಿಲ್ಲು ಹಿಡಿದು ನೆಲದ ಮೇಲೆ ಕೂತೇಬಿಟ್ಟರು. ಕೆಲಸಗಾರರು ಸುತ್ತ ನೆರೆದರು. ಮಿಷನ್ ತನ್ನ ಪಾಲು ಮುಗಿಸಿದಾಗ ಮಾವ ಇನ್ನೂ ಗಂಟು ಬಿಡಿಸುತ್ತಿದ್ದರು. ಮಿಸ್ತ್ರಿ ಊಟಕ್ಕೆ ಹೋಗಿ, ಉಂಡು, ಎಲೆಯಡಿಕೆ ಹಾಕಿಕೊಂಡು ಬಂದ. ಮಾವ ಹಿಂಜುತ್ತಲೇ ಇದ್ದರು, ಕೆಮ್ಮುತ್ತಲೂ ಇದ್ದರು. ಹುಬ್ಬು, ಮೀಸೆ ಎಲ್ಲ ಬಿಳಿ.

"ಬೇಗ ಮಾಡೋದು ದೊಡ್ಡದಲ್ಲ, ಹದ ನೋಡ್ರಿ" ಎಂದು ಕೊನೆಗೆ ಎದ್ದರು.

ಅವರು ನೀರು ಕುಡಿದು ಬರುವಷ್ಟರಲ್ಲಿ ಅತ್ತೆ ಎರಡೂ ರಾಶಿಯಿಂದ ಒಂದೊಂದು ಹಿಡಿ ಎತ್ತಿಕೊಂಡು ನಿಂತಿದ್ದರು. "ನಿಮ್ದು ಯಾವ್ದು ಹೇಳ್ರಿ."

ಮಾವ ಒಂದನ್ನು ತೆಗೆದು ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದರು. "ಇದು. ಹೂವಾಗೈತೆ. ಕೈಕೆಲಸ ಅಂದ್ರೆ ಹಿಂಗಿರಬೇಕು."

ಅದು ಮಿಷನ್ನಿನದು. ಮಿಸ್ತ್ರಿ ನಗಲು ಆ ಕಡೆ ತಿರುಗಿದ. ನಾನು ಗೆದ್ದೆ ಎಂದು ಹಿಗ್ಗಿದವನು ಮಾವನ ಮುಖ ನೋಡಿ ನಾಚಿಕೊಂಡೆ. ಅತ್ತೆ ನಗಲಿಲ್ಲ. ಮಾವನ ಮೀಸೆಯ ಹತ್ತಿಯನ್ನು ಸೆರಗಿನಿಂದ ಒರೆಸಿದರು. "ಈ ಕೆಮ್ಮು ಇನ್ನು ಸಾಕು" ಎಂದು ಸೀದಾ ಪೇಟೆಯ ಚಿನ್ನದಂಗಡಿಗೆ ನಡೆದರು. ಬರುವಾಗ ಕೈ ಬರಿದಾಗಿತ್ತು. ಮರುದಿನ ಲಾರಿಯಲ್ಲಿ ಮಿಷನ್ ಕಳಿಸುವುದೆಂದು ಮಾತಾಯಿತು.

ಸಂಜೆಯ ರೈಲಿನಲ್ಲಿ ನಮ್ಮೂರಿನ ಮುದುಕಿಯೊಬ್ಬಳು ಮಾವನನ್ನು ಗುರುತು ಹಿಡಿದಳು. "ಇಮಾಮಪ್ಪ, ನಮ್ಮ ಗಾದಿ ಕಲ್ಲಾಗೈತೆ. ಯಾವಾಗ ಬರ್ತೀಯಪ್ಪ?"

ಮಾವ ಅತ್ತೆಯ ಕೈ ನೋಡಿದರು. "ನಾ ಬರಲ್ಲವ್ವ. ನೀವೇ ನಮ್ಮ ಮಿಷನ್ ಹತ್ರ ಬರ್ರಿ."

"ನಮ್ಮ" ಎಂದದ್ದು ಕೇಳಿ ನಾನು ಎದ್ದು ಮುದುಕಿಗೆ ನನ್ನ ಜಾಗ ಬಿಟ್ಟುಕೊಟ್ಟೆ. ಮಾವ ಅತ್ತೆಯ ಕಡೆ ಬಾಗಿ ಮೆಲ್ಲಗೆ ಹೇಳಿದರು. "ದುಡಿದು ಮೊದಲು ನಿನ್ನ ಬಳೆ ಮಾಡಿಸ್ತೀನಿ."

"ಬ್ಯಾಡ" ಎಂದರು ಅತ್ತೆ, ಕಿಟಕಿಯಾಚೆ ನೋಡುತ್ತಲೇ. "ಆ ದುಡ್ಡಿನಾಗ ಇನ್ನೊಂದು ಮಿಷನ್ ತಗೊಳ್ರಿ."